ಮೂವತ್ತೆರಡು ಸರ್ಕಾರಿ ಬಳೆಗಳು

ಸುಗಂಧಿ ಎಂಬ ಅರವತ್ತೆಂಟು ವರ್ಷದ ಹೆಂಗಸಿನ ಮೈಮೇಲೆ ಮೂವತ್ತೆರಡು ಜನರ ನಾಡಿ ಬಡಿಯುತ್ತಿದ್ದುದನ್ನು ಮೊದಲು ಕಂಡವಳು ನಾನು. ಕಂಡೂ ಸುಮ್ಮನಿದ್ದವಳೂ ನಾನೇ. ವಿಚಾರಣಾ ಆಯೋಗದವರು ನೂರ ನಲವತ್ತು ಪುಟದ ವರದಿಯಲ್ಲಿ ಇದನ್ನು ಬಹಳ ನಾಜೂಕಾಗಿ ಬರೆದಿದ್ದಾರೆ. ನನಗೆ ಅಷ್ಟು ನಾಜೂಕು ಬಾರದು. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನನ್ನ ಹೆಸರು ಶೋಭಾ ಹಡಪದ. ಊರು ಗದಗಿನ ಕಡೆ. ಸಮುದ್ರ ಎಂಬುದನ್ನು ಮೊದಲು ನೋಡಿದ್ದು ಕೆಲಸದ ಆದೇಶ ಹಿಡಿದುಕೊಂಡು ಕರಾವಳಿಗೆ ಬಂದ ದಿನ, ಆಗ ನನಗೆ ಮೂವತ್ತೆಂಟು. ಆಮೇಲೆ ಆರು ವರ್ಷ ಸಮುದ್ರದಿಂದ ಒಂದು ಕಿಲೋಮೀಟರ್ ದೂರದಲ್ಲಿ ಕೆಲಸ ಮಾಡಿದೆ. ಆದರೆ ನಮ್ಮ ನಿಯಂತ್ರಣ ಕೊಠಡಿಗೆ ಕಿಟಕಿ ಇರಲಿಲ್ಲ. ಕಟ್ಟಿದವರಿಗೆ ಗಾಳಿಯ ಭಯ. ಹಾಗಾಗಿ ಆಮೇಲೆ ನಾನು ಸಮುದ್ರವನ್ನು ನೋಡಿದ್ದೆಲ್ಲ ಪರದೆಯ ಮೇಲೆಯೇ. ನೀಲಿ ಬಣ್ಣ, ಅದರ ಅಂಚಿಗೆ ಊರುಗಳು, ಊರೊಳಗೆ ಮನುಷ್ಯರೆಂಬ ಚುಕ್ಕೆಗಳು.

ಹಿಂದೆ ಚಂಡಮಾರುತವೆಂದರೆ ಪೂರ್ವ ಕರಾವಳಿಯವರ ಪಾಡು ಎಂದು ನಮ್ಮವರು ನೆಮ್ಮದಿಯಾಗಿದ್ದರಂತೆ. ನನ್ನ ಕಾಲಕ್ಕೆ ಅರಬ್ಬೀ ಸಮುದ್ರ ಕಾದು ಕೆಟ್ಟುಹೋಗಿತ್ತು. ವರ್ಷಕ್ಕೆ ಐದಾರು ಸುಳಿ ಏಳುತ್ತಿದ್ದವು. ಒಂದು ಸಲ ಎಚ್ಚರಿಕೆ ತಡವಾಗಿ ಬಹಳ ಜನ ಹೋದ ಮೇಲೆ ಸರ್ಕಾರ ‘ಸುರಕ್ಷಾ’ ಎಂಬ ವ್ಯವಸ್ಥೆ ತಂದಿತು. ಕರಾವಳಿಯ ಪ್ರತಿಯೊಬ್ಬರಿಗೂ ಒಂದೊಂದು ರಬ್ಬರಿನ ಕಡಗ ಕೊಟ್ಟಿತು. ಜನ ಅದನ್ನು ಸರ್ಕಾರಿ ಬಳೆ ಎಂದರು. ಒಳಮೈಯಲ್ಲಿ ಹಸಿರು ಬೆಳಕಿನ ಸಣ್ಣ ಕಣ್ಣು. ಅದು ಚರ್ಮದೊಳಗೆ ರಕ್ತ ಉಕ್ಕಿ ಇಳಿಯುವುದನ್ನು ನೋಡಿ ನಾಡಿ ಎಣಿಸುತ್ತದೆ, ಮೈಬಿಸಿ ಅಳೆಯುತ್ತದೆ, ನೀವು ಎಲ್ಲಿದ್ದೀರಿ ಎಂದು ನಮಗೆ ತಿಳಿಸುತ್ತದೆ. ಬೇರೆ ದಿನಗಳಲ್ಲಿ ಮನೆಯ ಮೊಳೆಗೆ ನೇತುಹಾಕಿಕೊಳ್ಳಬಹುದು. ಎಚ್ಚರಿಕೆ ಬಂದರೆ ಮಾತ್ರ ಎರಡು ಗಂಟೆಯೊಳಗೆ ಕೈಗೆ ಹಾಕಿಕೊಂಡು ಗುಡ್ಡದ ಮೇಲಿನ ಆಶ್ರಯಕೇಂದ್ರಕ್ಕೆ ಹೋಗಬೇಕು. ಊರಿನ ಎಲ್ಲ ಬಳೆಗಳೂ ಕೇಂದ್ರಕ್ಕೆ ಬಂದರೆ ನಮ್ಮ ಪರದೆಯಲ್ಲಿ ಆ ಊರು ಹಸಿರಾಗುತ್ತದೆ. ಹಸಿರಾದ ಊರಿಗೆ ಮೀಸಲಿದ್ದ, ನೆಲದ ಮೇಲೂ ನೀರಿನಲ್ಲೂ ಓಡುವ ದೋಣಿಬಂಡಿ, ರಕ್ಷಣೆಯ ಜನ, ಎಲ್ಲವನ್ನೂ ಸುರಕ್ಷಾ ತಾನೇ ಬೇರೆ ಕಡೆಗೆ ಕಳಿಸುತ್ತದೆ. ಒಬ್ಬ ಉಳಿದರೂ ಊರು ಕೆಂಪು. ಆಗ ಪೊಲೀಸ್ ಜೀಪು, ನೀರೇರಿದ್ದರೆ ದೋಣಿಬಂಡಿ, ಹುಡುಕಿಕೊಂಡು ಹೋಗುತ್ತದೆ. ಉಳಿದವನ ಮನೆಯ ದೋಣಿಯ ಡೀಸೆಲ್ ಕಾರ್ಡು ಒಂದು ತಿಂಗಳು ಬಂದ್.

ಕಾಗದದ ಮೇಲೆ ಇದಕ್ಕಿಂತ ಚಂದ ಯಾವುದೂ ಇರಲಿಲ್ಲ.

ಹೊಯ್ಗೆಕೊಪ್ಪ ಎಂಬುದು ಅಳಿವೆಯ ಬಾಯಲ್ಲಿದ್ದ ಮೊಗವೀರರ ಸಣ್ಣ ಕೇರಿ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಹೊಯ್ಗೆಯ ದಿಬ್ಬದ ಮೇಲೆ ಹನ್ನೊಂದು ಮನೆ, ಮೂವತ್ತೆರಡು ಜನ. ಹೊಳೆ ದಾಟಿ ಗುಡ್ಡದ ಕಡೆ ಹೋಗಲು ಒಂದೇ ಸೇತುವೆ. ಮೂರನೆಯ ಎಚ್ಚರಿಕೆಯ ಸಮಯ, ಬೆಳಗಿನ ಹತ್ತು ಗಂಟೆ. ಎಲ್ಲರಿಗಿಂತ ಮೊದಲು ಹಸಿರಾದ ಊರು ಅದೇ. ಎಷ್ಟು ಶಿಸ್ತಿನ ಜನ ಎಂದು ಮೆಚ್ಚಿ ಅವರ ಚುಕ್ಕೆಗಳನ್ನು ಹಿಗ್ಗಿಸಿ ನೋಡಿದೆ. ಮೂವತ್ತೆರಡು ನಾಡಿಗಳೂ ನಿಮಿಷಕ್ಕೆ ಎಪ್ಪತ್ತನಾಲ್ಕು. ಎಪ್ಪತ್ತಾರಾದರೆ ಎಲ್ಲವೂ ಎಪ್ಪತ್ತಾರು. ಕೂಸಿಗೂ ಅಷ್ಟೇ, ಮುದುಕನಿಗೂ ಅಷ್ಟೇ. ಅದರಲ್ಲಿ ಹದಿನೆಂಟು ಒಟ್ಟಿಗೆ ಬಡಿಯುತ್ತಿದ್ದವು, ಹದಿನಾಲ್ಕು ರೆಪ್ಪೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡವಾಗಿ. ಹೃದಯ ತಳ್ಳಿದ ರಕ್ತ ಮಣಿಕಟ್ಟಿಗಿಂತ ಕಣಕಾಲಿಗೆ ತುಸು ತಡವಾಗಿ ಮುಟ್ಟುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಒಂದೊಂದು ಕೈಗೆ ಒಂಬತ್ತು, ಒಂದೊಂದು ಕಾಲಿಗೆ ಏಳು. ಲೆಕ್ಕ ಹಾಕಿ ನಾನೊಬ್ಬಳೇ ನಕ್ಕೆ.

ಆಶ್ರಯಕೇಂದ್ರಕ್ಕೆ ನಮ್ಮಲ್ಲಿಂದ ಮಾತಾಡುವ ಒಂದು ಪೆಟ್ಟಿಗೆ ಇತ್ತು. ಗುಂಡಿ ಒತ್ತಿದೆ.

“ಅಲ್ಲಿ ಯಾರದೀರಿ?”

ಒಂದು ಗಟ್ಟಿ ದನಿ ಬಂತು. “ಎಲ್ಲ ಇದ್ರ್.”

“ಎಲ್ಲರ ಪೈಕಿ ಒಬ್ಬರು ಮಾತಾಡ್ರಿ ನೋಡೋಣು.”

“ನಾನೇ ಮಾತಾಡುದಲ್ದಾ? ಸುಗಂಧಿ ಅಂದ್ಹೇಳಿ.”

“ಇನ್ನೊಬ್ಬರು?”

ಆಕೆ ಉಸಿರು ಬಿಟ್ಟದ್ದು ಕೇಳಿಸಿತು. “ಗೊತ್ತಾಯ್ತಾ ನಿಂಗೆ? ಹಂಗಾರೆ ಕೇಣ್ತೆ ಎಂತಕ್?”

ಯಾಕೆ ಕೇಳುತ್ತೀ ಎಂದವಳೇ ಎಲ್ಲವನ್ನೂ ಹೇಳಿದಳು. ಬೇರೆ ಊರಲ್ಲಿ ಸಾವೋ ಮದುವೆಯೋ ಆದರೆ ಹೊಯ್ಗೆಕೊಪ್ಪದಿಂದ ಎಲ್ಲರೂ ಹೋಗುವ ಪದ್ಧತಿಯಿಲ್ಲ. ಕಡಲು ಬಿಟ್ಟು ಎಲ್ಲರೂ ಹೋಗುವುದು ಹೇಗೆ? ಮನೆಮನೆಯಿಂದ ಒಂದು ಹಿಡಿ ಅಕ್ಕಿ ಒಂದೇ ಚೀಲಕ್ಕೆ ಹಾಕುತ್ತಾರೆ. ಒಬ್ಬರು ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿಯವರು ಚೀಲ ನೋಡಿ ಇಡೀ ಕೇರಿ ಬಂತು ಎಂದು ಲೆಕ್ಕ ಹಿಡಿಯುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಗಂಡ ಸತ್ತಾಗಿನಿಂದ ಇಪ್ಪತ್ತು ವರ್ಷ ಹಾಗೆ ಹೋಗುವವಳು ಸುಗಂಧಿಯೇ. ಮೊದಲ ಎರಡು ಎಚ್ಚರಿಕೆಗೆ ಎಲ್ಲರೂ ಗುಡ್ಡ ಹತ್ತಿದ್ದರು. ಮೂರು ಮೂರು ದಿನ ಕೂತರು, ಗಾಳಿ ಬೇರೆಲ್ಲೋ ಹೋಯಿತು. ವಾಪಸು ಬಂದರೆ ಒಣಮೀನು ಹುಳ ಬಿದ್ದಿತ್ತು, ಎರಡು ಮನೆಯ ಬಲೆ ಕಳುವಾಗಿತ್ತು. ಮನೆಗೊಬ್ಬ ಗಂಡಸು ಕಾವಲಿಗೆ ಉಳಿಯಲು ಬಿಡಿ ಎಂದು ಅರ್ಜಿ ಕೊಟ್ಟರು. ಉತ್ತರ ಬರಲಿಲ್ಲ. ಮೂರನೆಯ ಸಲ ಬಳೆಗಳನ್ನು ಚೀಲಕ್ಕೆ ಹಾಕಿ ಸುಗಂಧಿಯ ಕೈಗೆ ಕೊಟ್ಟರು. ಚೀಲದಲ್ಲಿದ್ದರೆ ನಾಡಿ ಬಡಿಯುವುದಿಲ್ಲವೆಂದು ಆಕೆ ಮೈಗೇ ಹಾಕಿಕೊಂಡಳು.

“ಗಂಡ ಹೋದ್ ಮೇಲೆ ಕೈ ಬೋಳಿತ್ತ್. ಈಗ ಸರ್ಕಾರ ತುಂಬ್ಸಿತ್ ಕಾಣ್,” ಎಂದು ನಕ್ಕಳು.

ನಾನು ಫಾಲಾಕ್ಷ ಸಾಹೇಬರಿಗೆ ಹೇಳಿದೆ. ಅವರು ನಮ್ಮ ಉಪನಿರ್ದೇಶಕರು, ಕೆಟ್ಟ ಮನುಷ್ಯರಲ್ಲ. ಆ ಕಾವಲಿನ ಅರ್ಜಿಯನ್ನು ಒಪ್ಪಿ ಮೇಲಕ್ಕೆ ಕಳಿಸಿದವರೇ ಅವರು. ಪರದೆ ನೋಡಿ ಕನ್ನಡಕ ತೆಗೆದು ಒರೆಸಿದರು.

“ಹಸಿರು ಬಂದಿದೆ ತಾನೇ ಶೋಭಾ? ಸುಮ್ನೆ ಕೆಂಪು ಮಾಡಿ ಯಾರನ್ನ ಉದ್ಧಾರ ಮಾಡ್ಬೇಕು? ಆ ಬಡವರ ಡೀಸೆಲ್ ನಿಲ್ಲುತ್ತೆ, ನಮಗೆ ನೋಟಿಸ್ ಬರುತ್ತೆ. ಗಾಳಿ ಹೇಗೂ ಇತ್ತ ಬರಲ್ಲ.”

ಗಾಳಿ ಬರಲಿಲ್ಲ. ನಾಲ್ಕನೆಯದೂ ಬರಲಿಲ್ಲ, ಒಂಬತ್ತನೆಯದೂ ಬರಲಿಲ್ಲ. ಎಚ್ಚರಿಕೆ ತಪ್ಪಿದರೆ ತಲೆ ಹೋಗುತ್ತದೆಂದು ಮೇಲಿನವರು ಸಣ್ಣ ಸುಳಿಗೂ ಗಂಟೆ ಬಾರಿಸುತ್ತಿದ್ದರು. ನೂರಕ್ಕೆ ನೂರು ಸ್ಥಳಾಂತರ ಮಾಡಿದ್ದಕ್ಕೆ ನಮ್ಮ ಕಚೇರಿಗೆ ಮೂರು ಪ್ರಶಸ್ತಿಪತ್ರ ಬಂದವು. ಗಾಜು ಹಾಕಿಸಿ ಗೋಡೆಗೆ ಮೊಳೆ ಹೊಡೆದು ತೂಗಿಸಿದೆವು.

ಇಲ್ಲಿ ನನ್ನದೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಸುಮ್ಮನಿದ್ದದ್ದು ಸಾಹೇಬರಿಗೆ ಹೆದರಿ ಮಾತ್ರ ಅಲ್ಲ. ಅದೇ ವರ್ಷ ನನ್ನ ಅವ್ವ ತೀರಿಕೊಂಡಿದ್ದಳು. ದಿನಾ ಸಂಜೆ ಏಳಕ್ಕೆ ಅವಳಿಗೆ ಫೋನು ಮಾಡುತ್ತಿದ್ದೆ. ಅವಳು ಹೋದ ಮೇಲೆ ಏಳು ಗಂಟೆಯಾದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಎರಡು ರೊಟ್ಟಿ ಬಡಿದು, ಒಂದು ತಿಂದು, ಇನ್ನೊಂದನ್ನು ಬೆಳಿಗ್ಗೆ ಕಾಗೆಗೆ ಹಾಕುವುದು. ಎದುರು ಮನೆಯವರ ಹೆಸರು ಆರು ವರ್ಷವಾದರೂ ಗೊತ್ತಿರಲಿಲ್ಲ. ಎಚ್ಚರಿಕೆ ಬಂದರೆ ಊರಿಗೆಲ್ಲ ದಿಗಿಲು. ನನಗೆ ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿ. ಮೂರು ದಿನ ಸುಗಂಧಿ ಪೆಟ್ಟಿಗೆಯ ಆ ಕಡೆ ಇರುತ್ತಿದ್ದಳು.

ಇನ್ನೂರು ಜನಕ್ಕೆಂದು ಕಟ್ಟಿದ ಹಾಲಿನಲ್ಲಿ ಆಕೆಯೂ ಒಬ್ಬಳೇ. ಸುತ್ತಲಿನ ಬೇರೆ ಊರುಗಳಿಗೆ ಬೇರೆ ಕೇಂದ್ರ. ಬಳೆ ಕಳಚುವಂತಿಲ್ಲ, ಕೈಕಾಲು ಬಾತುಕೊಳ್ಳುತ್ತಿದ್ದವು, ಮಗ್ಗುಲಾದರೆ ಒತ್ತುತ್ತಿದ್ದವು. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಮಗಳು ಪ್ರಮೀಳ ಕಟ್ಟಿಕೊಟ್ಟ ಅವಲಕ್ಕಿ ತಿನ್ನುತ್ತಾ ನನ್ನನ್ನು ವಿಚಾರಿಸುತ್ತಿದ್ದಳು.

“ಎಂತ ಅಡಿಗೆ ಇವತ್ತ್?”

“ರೊಟ್ಟಿ, ಪುಂಡಿಪಲ್ಯೆ.”

“ಮೀನ್ ತಿಂತಿಲ್ಯಾ ನೀನ್? ಮತ್ತ್ ಎಂತಕ್ ಬಂದೆ ಹೆಣ್ಣೇ ಈ ಊರಿಗೆ?”

ನಗುವಾಗ ಆಕೆಯ ನಾಡಿ ಎಂಬತ್ತೆರಡಕ್ಕೆ ಏರುತ್ತಿತ್ತು. ಪರದೆಯ ಮೇಲೆ ಮೂವತ್ತೆರಡು ಜನ ಒಟ್ಟಿಗೆ ನಕ್ಕಂತೆ ಕಾಣುತ್ತಿತ್ತು. ಪ್ರಮೀಳ ದಿನಕ್ಕೆರಡು ಸಲ ಗುಡ್ಡ ಹತ್ತಿ ಬಂದು ತಾಯಿಯ ಕಾಲು ನೀವುತ್ತಾಳೆ ಎಂಬುದೂ, ತಾಯಿ ಮಗಳು ಮಾತಿಗೆ ಮಾತು ಬೆಳೆಸಿ ಜಗಳವಾಡುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಪ್ರಮೀಳಳಿಗೆ ಬಳೆಯಿಲ್ಲ, ಅವಳ ಬಳೆ ತಾಯಿಯ ಎಡಗೈಯಲ್ಲಿ. ಹಾಗಾಗಿ ಅವಳು ನಮ್ಮ ಪರದೆಯಲ್ಲಿ ಎಂದೂ ಕಾಣಲಿಲ್ಲ.

ಹತ್ತನೆಯ ಎಚ್ಚರಿಕೆಯ ಎರಡನೆಯ ದಿನ ಮಧ್ಯಾಹ್ನ ಸುಳಿ ತಿರುಗಿತು. ಅರವತ್ತು ಕಿಲೋಮೀಟರ್ ಉತ್ತರಕ್ಕೆ ಬಡಿಯಬೇಕಾದದ್ದು ನೇರ ನಮ್ಮ ಅಳಿವೆಯ ಕಡೆ ಮುಖ ಮಾಡಿತು. ಹೊಯ್ಗೆಕೊಪ್ಪಕ್ಕೆ ಮೀಸಲಿದ್ದ ಎರಡು ದೋಣಿಬಂಡಿಗಳನ್ನು ಸುರಕ್ಷಾ ಉತ್ತರಕ್ಕೆ ಕಳಿಸಲು ತಯಾರು ಮಾಡಿತ್ತು. ಅವು ಇನ್ನೂ ಹೊಳೆಯ ಆಚೆ ದಡದಲ್ಲೇ ಇದ್ದವು. ಅಲ್ಲಿಂದ ಕೇರಿಗೆ ಹನ್ನೆರಡು ನಿಮಿಷದ ದಾರಿ.

ಎರಡು ಗಂಟೆ ಐವತ್ತು ನಿಮಿಷಕ್ಕೆ ಪೆಟ್ಟಿಗೆಯಲ್ಲಿ ಸುಗಂಧಿಯ ದನಿ ಬಂತು. ಈ ಸಲ ಆಕೆಯೇ ಗುಂಡಿ ಒತ್ತಿದ್ದಳು.

“ಹೆಣ್ಣೇ, ನೀರ್ ಏರ್ತಾ ಇತ್ತ್. ಇಲ್ಲಿಂದ ಕಾಂತ್. ಸೇತುವಿ ಮುಳುಗಿತ್. ಅವ್ರೆಲ್ಲ ಅಲ್ಲೇ ಇದ್ರ್. ದೋಣಿ ಕಳ್ಸ್.”

ಸಾಹೇಬರ ಬಳಿ ಓಡಿದೆ. ಹಸಿರು ಊರಿಗೆ ದೋಣಿ ಕಳಿಸಲು ರಾಜಧಾನಿಯ ಅನುಮತಿ ಬೇಕು. ಅವರು ಫೋನು ಹಚ್ಚಿದರು. ಆ ಕಡೆಯವರು ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದರು. ಸಾಹೇಬರು ಬರೆಯಲು ಕೂತರು. ‘ಹೊಯ್ಗೆಕೊಪ್ಪದ ಜನ ಕೇಂದ್ರದಲ್ಲಿಲ್ಲ’ ಎಂದು ಒಂದು ಸಾಲು ಹೊಡೆದು ಬೆರಳು ನಿಲ್ಲಿಸಿದರು. ಹಾಗಾದರೆ ಹಿಂದೆ ಇದ್ದರೇ ಎಂದು ಕೇಳುತ್ತಾರೆ. ಅವರ ಕಣ್ಣು ಒಮ್ಮೆ ಗೋಡೆಗೆ ಹೋಗಿ ಬಂತು. ಅಳಿಸಿ ಮತ್ತೆ ಬರೆದರು. ಆರು ನಿಮಿಷ ಹೋಯಿತು.

ನನಗೆ ತಡೆಯಲಾಗಲಿಲ್ಲ. ಒಂದು ಬಳೆ ಕಳಚಿದರೆ ಆ ಊರು ಕೆಂಪಾಗುತ್ತದೆ, ಅದನ್ನು ಎಷ್ಟೋ ಸಲ ನೋಡಿದ್ದೆ. ಕೆಂಪಾದರೆ ದೋಣಿ ಅಲ್ಲೇ ನಿಲ್ಲುತ್ತದೆ, ಹುಡುಕಲು ಊರಿಗೆ ಹೋಗುತ್ತದೆ. ಒಂದು ಸಾಕಿತ್ತು, ಆದರೆ ಹೆಚ್ಚು ಬಿಚ್ಚಿದಷ್ಟೂ ಹೆಚ್ಚು ದೋಣಿ ಬಂದಾವೆಂದುಕೊಂಡು ಓಡಿ ಬಂದು ಪೆಟ್ಟಿಗೆಯಲ್ಲಿ ಕೂಗಿದೆ. “ಅಮ್ಮಾರ, ಬಳಿ ಬಿಚ್ಚ್ರಿ! ಎಲ್ಲಾ ಬಿಚ್ಚಿಬಿಡ್ರಿ, ಲಗೂ!”

“ಬಿಚ್ಚೂದಾ?”

“ಬಿಚ್ಚ್ರಿ, ದೋಣಿ ಬರ್ತಾವು!”

ಆಕೆ ಬಿಚ್ಚಿದಳು. ಬಾತ ಕೈಯಿಂದ ಒಂದೊಂದಾಗಿ ಎಳೆದು ಬಿಚ್ಚಿದಳು. ಪರದೆಯ ಮೇಲೆ ನಾಡಿಗಳು ಒಂದೊಂದೇ ನಿಂತವು. ಮೊದಲನೆಯದಕ್ಕೇ ನಾನು ಎಣಿಸಿದ ಹಾಗೆ ಊರು ಕೆಂಪಾಯಿತು, ಹತ್ತರವರೆಗೂ ಕೆಂಪಾಗಿಯೇ ಇತ್ತು. ಹನ್ನೊಂದನೆಯದಕ್ಕೆ ಪರದೆ ಕಪ್ಪಗೆ ತಿರುಗಿ, ನಾನು ಎಂದೂ ನೋಡಿರದ ಅಕ್ಷರಗಳು ಬಂದವು. ‘ಆಶ್ರಯಕೇಂದ್ರ ಕುಸಿತ. ಸಾಮೂಹಿಕ ಮರಣ.’ ಐದು ನಿಮಿಷದೊಳಗೆ ಒಂದೇ ಕಡೆ ಹತ್ತಕ್ಕಿಂತ ಹೆಚ್ಚು ನಾಡಿ ನಿಂತರೆ ಕಟ್ಟಡ ಬಿದ್ದಿದೆ ಎಂದು ತಿಳಿ ಎಂಬುದಾಗಿ ಸುರಕ್ಷಾವನ್ನು ಬರೆದವರು ಕಲಿಸಿದ್ದರು. ಅವರ ಬುದ್ಧಿಯನ್ನು ನಾನು ಹಳಿಯಲಾರೆ. ಒಬ್ಬಳು ಹೆಂಗಸು ಊರನ್ನೇ ಮೈಮೇಲೆ ಹಾಕಿಕೊಂಡು ಕೂರುತ್ತಾಳೆಂದು ಯಾರು ತಾನೇ ಎಣಿಸುತ್ತಾರೆ?

ಎರಡು ದೋಣಿಬಂಡಿ, ಮೂರು ಆಂಬ್ಯುಲೆನ್ಸ್, ಇದ್ದ ಜನವೆಲ್ಲ ಗುಡ್ಡದ ಮೇಲಕ್ಕೆ ಧಾವಿಸಿದರು. ಕರೆದರೆ ತಿರುಗುವಂತಿರಲಿಲ್ಲ, ಸಾಮೂಹಿಕ ಮರಣದ ಆದೇಶ ಎಲ್ಲಕ್ಕಿಂತ ಮೇಲಿನದು. ಕೇಂದ್ರದ ಬಾಗಿಲು ಒಡೆದು ಒಳಗೆ ಹೋದವರಿಗೆ ಕಂಡದ್ದು ಒಬ್ಬಳು ಮುದುಕಿ, ಮುಂದೆ ಒಂದು ರಾಶಿ ಬಳೆ. ಅವರು ವಾಪಸು ಇಳಿದು ಕೇರಿ ಮುಟ್ಟುವಷ್ಟರಲ್ಲಿ ಐವತ್ತು ನಿಮಿಷವಾಗಿತ್ತು. ಕೇರಿಯ ಅಂಚಿನ ಐಸ್ ಪ್ಲಾಂಟಿನ ತಾರಸಿ ಹತ್ತಿದ್ದ ಇಪ್ಪತ್ತೆರಡು ಜನ ಸಿಕ್ಕರು. ಒಂಬತ್ತು ಜನ ಸಿಗಲಿಲ್ಲ. ಅವರಲ್ಲಿ ಪ್ರಮೀಳ ಒಬ್ಬಳು.

ಆಮೇಲಿನದು ನಿಮಗೆ ಪತ್ರಿಕೆಯಲ್ಲಿ ಓದಿ ಗೊತ್ತಿರಬಹುದು. ಸರ್ಕಾರದ ಹೊಣೆ ಎಷ್ಟು, ಜನರ ಹೊಣೆ ಎಷ್ಟು ಎಂದು ತಿಂಗಳುಗಟ್ಟಲೆ ಚರ್ಚೆ. ಮೂವತ್ತು ಗಂಟೆ ಮೊದಲೇ ಎಚ್ಚರಿಸಿದ್ದೆವು, ಕೇಂದ್ರ ಕಟ್ಟಿದ್ದೆವು, ಬಳೆ ಕೊಟ್ಟಿದ್ದೆವು, ದೋಣಿ ಇಟ್ಟಿದ್ದೆವು, ಕಣ್ಣಿಗೆ ಮಣ್ಣೆರಚಿದವರನ್ನು ಕಾಪಾಡುವುದು ಹೇಗೆ ಎಂದು ಒಂದು ಕಡೆಯವರು. ಒಂಬತ್ತು ಸಲ ಸುಮ್ಮನೆ ಓಡಿಸಿದವರು ಯಾರು, ಅರ್ಜಿಗೆ ಉತ್ತರ ಕೊಡದವರು ಯಾರು, ಹಸಿವಿಗೆ ಹೆದರಿದವರು ಸುಳ್ಳು ಹೇಳದೆ ಇನ್ನೇನು ಮಾಡುತ್ತಾರೆ ಎಂದು ಇನ್ನೊಂದು ಕಡೆಯವರು. ಟಿವಿಯಲ್ಲಿ ಇಬ್ಬರೂ ಬಹಳ ಚೆನ್ನಾಗಿ ಮಾತಾಡಿದರು. ನಾನು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿ ನನ್ನ ಹೊಟ್ಟೆಯಲ್ಲಿತ್ತು.

ಪೆಟ್ಟಿಗೆಯ ಮಾತು ದಾಖಲಾಗುವುದಿಲ್ಲ. ಬ್ಯಾಟರಿ ಉಳಿಸಲು ಹಾಗೆ ಮಾಡಿದ್ದರು. ಬಳೆ ಬಿಚ್ಚಲು ಹೇಳಿದ್ದು ಯಾರು ಎಂಬುದು ಸುಗಂಧಿಗೆ ಗೊತ್ತು, ನನಗೆ ಗೊತ್ತು, ಅಷ್ಟೇ.

ಆಯೋಗ ತಾಲೂಕು ಕಚೇರಿಯ ಸಭಾಂಗಣದಲ್ಲಿ ಕೂತಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರು ನಡುವೆ. ಮೊದಲ ದಿನ ಸುಗಂಧಿಯ ಸರದಿ. ಆಕೆಯ ಮುಖ ನೋಡಿದ್ದು ನಾನು ಅಂದೇ. ಎತ್ತರದ ಆಳಿರಬಹುದು ಎಂದುಕೊಂಡಿದ್ದೆ, ನನ್ನ ಭುಜದವರೆಗೂ ಬರದ ಸಣ್ಣ ಜೀವ. ಕೇರಿಯವರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಆಕೆಯ ಅಕ್ಕಪಕ್ಕ ಯಾರೂ ಇರಲಿಲ್ಲ.

“ಬಳೆಗಳನ್ನು ಕಳಚಿದರೆ ರಕ್ಷಣಾ ಪಡೆ ದಾರಿ ತಪ್ಪುತ್ತದೆ ಎಂದು ನಿಮಗೆ ತಿಳಿದಿತ್ತೇ?” ಸರ್ಕಾರಿ ವಕೀಲರು ಕೇಳಿದರು.

“ಇಲ್ಲೆ.”

“ಮತ್ತೆ ಯಾಕೆ ಕಳಚಿದಿರಿ? ಯಾರಾದರೂ ಹೇಳಿದರೇ?”

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆಕೆ ನನ್ನ ಕಡೆ ತಿರುಗಲಿಲ್ಲ.

“ಯಾರೂ ಹೇಳ್ಲಿಲ್ಲ. ಕಟ್ಕಂಡದ್ದೂ ನಾನೇ, ಬಿಚ್ಚದ್ದೂ ನಾನೇ.”

ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಕೂಗಿದಳು. “ಹೆತ್ತ ಮಗ್ಳನ್ನೇ ತಿಂದ್ಳಲ್ಲ, ಇವ್ಳ್ ಕೈ ಸೇದಿ ಹೋಯ್ಲಿ!” ಆಕೆಯ ಹೆಸರು ಬೇಬಿ. ಆಕೆಯ ಗಂಡನೂ ಸಿಗದವರಲ್ಲೊಬ್ಬ ಎಂದು ಆಮೇಲೆ ತಿಳಿಯಿತು. ಸುಗಂಧಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆ ಸಂಜೆ ಫಾಲಾಕ್ಷ ಸಾಹೇಬರು ನನ್ನ ಕ್ವಾರ್ಟರ್ಸಿಗೆ ಬಂದರು. ಆರು ವರ್ಷದಲ್ಲಿ ನನ್ನ ಮನೆಗೆ ಬಂದ ಮೊದಲ ಅತಿಥಿ. ಚಹಾ ಕೊಟ್ಟೆ.

“ನೀನೇ ಹೇಳಿರ್ಬೇಕು ಅಂತ ನನಗೆ ಅನುಮಾನ,” ಎಂದರು. “ಕೇಳಲ್ಲ. ನಾನು ನಾಳೆ, ಬಳೆ ವಿಷಯ ನನಗೆ ಗೊತ್ತೇ ಇರ್ಲಿಲ್ಲ ಅಂತ ಹೇಳೋನು. ನೀನೂ ಹಾಗೇ ಹೇಳು. ಆ ಅಜ್ಜಿ ಆಗ್ಲೇ ಒಪ್ಕೊಂಡಾಯ್ತು.”

“ಆಕಿ ಸುಳ್ಳ ಒಪ್ಕೊಂಡಾಳ್ರಿ ಸರ್.”

“ನಿಜ ಹೇಳಿದ್ರೆ ಸರ್ಕಾರ ಸಿಕ್ಕಿಬೀಳುತ್ತೆ ಅಂದ್ಕೊಂಡಿದ್ದೀಯಾ? ಅವ್ರಿಗೆ ಒಂದು ಹೆಸರು ಬೇಕಾಗಿದೆ. ನಿನ್ನ ಹೆಸರು ಸಿಕ್ಕಿದ್ರೆ ಎಲ್ಲಾನೂ ನಿನ್ನ ತಲೆಗೇ ಕಟ್ತಾರೆ. ನಾನೂ ಬಿಡಿಸೋಕಾಗಲ್ಲ.” ಚಹಾ ಮುಗಿಸದೆ ಎದ್ದು ಹೋದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ನಾನು ಹೇಳಿದೆ. ಮೂರನೆಯ ಎಚ್ಚರಿಕೆಯಿಂದಲೇ ನನಗೆ ಗೊತ್ತಿತ್ತು, ಮೇಲಧಿಕಾರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ, ಹತ್ತನೆಯ ಎಚ್ಚರಿಕೆಯಲ್ಲಿ ಬಳೆ ಬಿಚ್ಚಲು ಹೇಳಿದವಳು ನಾನೇ. ಸುಗಂಧಿ ಆಗ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಸಮಾಧಾನ ಕಾಣುತ್ತದೆಂದು ಕಾದೆ, ಕಾಣಲಿಲ್ಲ.

ಸರ್ಕಾರಿ ವಕೀಲರು ನಿಧಾನವಾಗಿ ಎದ್ದು ನಿಂತರು. ಅವರ ದನಿ ಬಹಳ ಮೃದುವಾಗಿತ್ತು. “ಊರು ಹಸಿರಿದ್ದಾಗ ಬಳೆ ಬಿಚ್ಚಿಸುವ ಅಧಿಕಾರ ನಿಮಗೆ ಇತ್ತೇ?”

“ಇರಲಿಲ್ಲ. ಆದರೆ ಒಂಬತ್ತು ಸಲ...”

“ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಇತ್ತೇ?”

“ಇರಲಿಲ್ಲ.”

“ಹಾಗಾದರೆ, ಮಹಾಸ್ವಾಮಿ, ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡಿದೆ.”

ವರದಿಯಲ್ಲೂ ಅದೇ ಬಂತು. ‘ಒಬ್ಬ ನಿರ್ವಾಹಕಿಯ ಅನಧಿಕೃತ ಸೂಚನೆ’ ಎಂಬುದು ಹನ್ನೊಂದು ಕಡೆ ಇದೆ, ನಾನು ಎಣಿಸಿದ್ದೇನೆ. ಅರ್ಜಿಯ ಮಾತು ಒಂದು ಅಡಿಟಿಪ್ಪಣಿಯಲ್ಲಿದೆ. ಸುಗಂಧಿಯ ಬಗ್ಗೆ ‘ಈ ಮಹಿಳೆ ನಿರ್ದೋಷಿ, ಅನುಕಂಪಕ್ಕೆ ಅರ್ಹಳು’ ಎಂದು ಬರೆದರು. ವಿಧಾನಸಭೆಯಲ್ಲಿ ಮಂತ್ರಿಗಳು ಆ ಸಾಲನ್ನು ಗದ್ಗದಿತರಾಗಿ ಓದಿದರು. ವಿರೋಧ ಪಕ್ಷದವರು ಮೇಜು ಕುಟ್ಟಿ ಹೊರಗೆ ಹೋದರು. ಸಾಹೇಬರಿಗೆ ವರ್ಗವಾಯಿತು, ನನ್ನನ್ನು ವಜಾ ಮಾಡಿದರು. ಬಳೆಯ ಹೊಸ ಮಾದರಿ ಬಂತು, ಅದನ್ನು ಒಬ್ಬರ ಮೈಗೆ ಎರಡು ಹಾಕಲು ಬರುವುದಿಲ್ಲವಂತೆ.

ಊರಿಗೆ ಹೋಗುವ ಮೊದಲು ಒಮ್ಮೆ ಸುಗಂಧಿಯನ್ನು ನೋಡಬೇಕೆನಿಸಿತು. ನಿಜ ಹೇಳುತ್ತೇನೆ, ಒಂದು ಒಳ್ಳೆಯ ಮಾತಿನ ಆಸೆಯಿತ್ತು. ಇಷ್ಟು ಕಳೆದುಕೊಂಡು ಆಕೆಯ ಹೆಸರು ತೊಳೆದಿದ್ದೇನೆ, ‘ಒಳ್ಳೇದ್ ಮಾಡ್ದೆ ಹೆಣ್ಣೇ’ ಎಂದು ಒಂದು ಸಲ ಅಂದರೆ ಸಾಕು, ಅದನ್ನು ಹಿಡಿದುಕೊಂಡು ಗದಗಿನವರೆಗೆ ಹೋಗಬಹುದು ಎಂದುಕೊಂಡೆ.

ಉಳಿದವರಿಗೆ ಒಳನಾಡಿನಲ್ಲಿ ಕಾಲೊನಿ ಕಟ್ಟಿದ್ದರು. ಎದುರು ಬದುರು ಸಾಲುಮನೆ, ಎಲ್ಲಕ್ಕೂ ಒಂದೇ ತಗಡು. ಮಧ್ಯಾಹ್ನ ಮೂರು ಗಂಟೆ. ಸುಗಂಧಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನು “ಅಮ್ಮಾರ” ಎಂದ ಕೂಡಲೇ ದನಿ ಗುರುತು ಹಿಡಿದಳು. ಕೂರು ಎನ್ನಲಿಲ್ಲ. ನಾನೇ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

“ಹ್ಯಾಂಗದೀರಿ?”

“ನಿಂಗೆ ಯಾರ್ ಹೇಳುಕ್ ಹೇಳಿರ್ ಅಲ್ಲಿ?” ಎಂದಳು.

“ನಿಮ್ಮ ಮ್ಯಾಲೆ ತಪ್ಪು ಹೊರಿಸಿದ್ರು. ನನಗ ತಡೀಲಿಲ್ರಿ.”

“ತಪ್ಪ್ ನಂಗೆ ಭಾರ ಅಂದ್ ನಿಂಗ್ ಹೇಳಿದ್ನಾ ನಾನ್?” ಆಕೆ ಸಾಲುಮನೆಗಳ ಕಡೆ ನೋಡಿದಳು. “ಮೊದಲ್ ದಿನಾ ಬತ್ತಿದ್ರ್. ಬೇಬಿ ಬೆಳಿಗ್ಗೆ ಬಂದ್ ಬೈದ್ ಹೋತಿದ್ಳ್. ಮುಂಡಿ, ಮಗ್ಳನ್ ತಿಂದವ್ಳೆ ಅಂದ್ ಬೈತಿದ್ಳ್. ಬೈದ್ ಬೈದ್ ಇಲ್ಲೇ ಕೂಕಂಡ್ ಮರ್ಕಿ, ಕಣ್ಣೀರ್ ಒರ್ಸ್ಕಂಡ್, ಒಂದ್ ಲೋಟ ನೀರ್ ಕುಡ್ದ್ ಹೋತಿದ್ಳ್. ಎಲ್ಲ ಬತ್ತಿದ್ರ್. ನಮ್ಮವ್ರ್ ಬೈದ್ರೆ ಎಂತ ಆಯ್ತ್? ಪ್ರಮೀಳನ್ ಹೆಸರ್ ಆದ್ರೂ ದಿನಾ ಕಿವಿಗ್ ಬೀಳ್ತಿತ್ತ್.”

“ಈಗ?”

“ಈಗ ನನ್ ತಪ್ಪಿಲ್ಲೆ ಅಂದ್ ಸರ್ಕಾರ ಬರ್ದಿತ್ತಲ್ಲ. ಬೈಯೂಕಿಲ್ಲೆ. ಬೈದದ್ದಕ್ಕೆ ಅವ್ರಿಗೂ ನಾಚ್ಕಿ. ಎದ್ರ್ ಕಂಡ್ರೆ ಮುಖ ತಿರ್ಗ್ಸ್ ಹೋತ್ರ್. ಎರಡ್ ತಿಂಗ್ಳಾಯ್ತ್, ಈ ಮೆಟ್ಲ್ ಒಬ್ರೂ ಹತ್ಲಿಲ್ಲ.”

ಆಯೋಗದಲ್ಲಿ ಎಲ್ಲ ಲೆಕ್ಕವನ್ನೂ ಹಾಕಿ ಹೇಳಿದವಳಿಗೆ ಇದೊಂದು ಹೊಳೆದಿರಲಿಲ್ಲ. ಏಳು ಗಂಟೆಗೆ ಫೋನು ಮಾಡಲು ಯಾರೂ ಇಲ್ಲದ ನನಗಾದರೂ ಹೊಳೆಯಬೇಕಿತ್ತು.

“ನೀನಾರೂ ಬೈ,” ಎಂದಳು.

“ಏನ್ರಿ?”

“ಬೈ ಹೆಣ್ಣೇ. ಬಂದವ್ಳ್ ಸುಮ್ನೆ ಕೂಕಂಬುದೆಂತಕ್?”

ನಾನು ತಡವರಿಸುತ್ತಾ, ಯಾಕೆ ಹಾಕಿಕೊಂಡಿರಿ ಆ ಬಳೆ ಎಂದೇನೋ ಅಂದೆ. ಆಕೆ ತಲೆ ಅಲ್ಲಾಡಿಸಿದಳು. “ಹಾಂಗಲ್ಲ. ಜೋರಾಗಿ. ಮಗ್ಳನ್ ಕೊಂದವ್ಳ್ ಅಂದ್ ಹೇಳ್.”

ಅವ್ವ ಸತ್ತಾಗಲೂ ನಾನು ಜೋರಾಗಿ ಅತ್ತವಳಲ್ಲ. ಎದ್ದು ನಿಂತೆ. ಎಲ್ಲಿತ್ತೋ, ಗಂಟಲು ಬಿರಿಯುವಂತೆ ದನಿ ಬಂತು. “ಎಂಥಾ ತಾಯಿ ನೀನು! ಹೊಟ್ಟ್ಯಾಗ ಹುಟ್ಟಿದ ಮಗಳನ್ನ ನೀರಾಗ ಬಿಟ್ಟು ಗುಡ್ಡದ ಮ್ಯಾಲೆ ಕುಂತಿದ್ದೆಲ್ಲ! ಪ್ರಮೀಳನ್ನ ಕೊಂದಾಕಿ ನೀನ! ಒಂಬತ್ತು ಮಂದೀನ ಕೊಂದಾಕಿ ನೀನ!” ನಾನು ಯಾರನ್ನು ಬೈಯುತ್ತಿದ್ದೇನೆಂದು ನನಗೇ ತಿಳಿಯದೆ ಹೋಯಿತು. ಸುಗಂಧಿ ಕಣ್ಣು ಮುಚ್ಚಿ ಕೂತಿದ್ದಳು.

ಎದುರು ಮನೆಯ ಬಾಗಿಲು ತೆರೆಯಿತು. ಪಕ್ಕದ್ದೂ ತೆರೆಯಿತು. ಬೇಬಿ ಕೈಯಲ್ಲಿ ಹಿಟ್ಟಿನ ಸೌಟು ಹಿಡಿದೇ ಓಡಿ ಬಂದಳು.

“ಯಾರಾ ನೀನ್? ನಮ್ ಸುಗಂಧಕ್ಕನ್ ಬೈಯೂಕೆ ನೀನ್ ಯಾರ್?”

ಆಮೇಲೆ ನನ್ನ ಮುಖ ಗುರುತು ಹಿಡಿದಳು. “ಓ, ಬಿಚ್ಚುಕ್ ಹೇಳಿದ್ ಮುಂಡಿ ಇವ್ಳೇ! ಬರ್ರೋ, ಇಲ್ಲಿ ಬರ್ರೋ!” ಮನೆಮನೆಯಿಂದ ಜನ ಬಂದರು. ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸಿದ್ದವರು. ಬೇಬಿ ಮೆಟ್ಟಿಲು ಹತ್ತಿ ಸುಗಂಧಿಯ ಪಕ್ಕ ಕೂತು ಅವಳ ಭುಜದ ಸುತ್ತ ಕೈ ಹಾಕಿದಳು. ಇನ್ನೊಬ್ಬಳು ಈ ಕಡೆ ಕೂತಳು. ನಾನು ಯಾರೆಂದು, ಏನು ಮಾಡಿದವಳೆಂದು ಒಬ್ಬರಿಗೊಬ್ಬರು ಹೇಳಿಕೊಂಡರು, ಎಲ್ಲರೂ ಒಟ್ಟಿಗೆ ಬೈದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.

ಬಸ್ ನಿಲ್ದಾಣ ಕಾಲೊನಿಯ ಕೊನೆಗೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವರ ಬೈಗುಳ ಅಲ್ಲಿಯವರೆಗೂ ಕೇಳಿಸುತ್ತಿತ್ತು. ಬೇಬಿಯ ದನಿ, ಗಂಡಸರ ದನಿ, ಗುರುತಿಲ್ಲದ ಎಷ್ಟೋ ದನಿ. ಸ್ವಲ್ಪ ಹೊತ್ತಿನ ಮೇಲೆ ಅವುಗಳ ನಡುವೆ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಗಟ್ಟಿ ದನಿಯೂ ಸೇರಿಕೊಂಡು ನನ್ನನ್ನು ಬೈಯತೊಡಗಿತು.